ಸೈರನ್ ಹೊಡೆದು ಕರೆದ ಹೋಳಿಗೆ ಊಟ

ಬೆಳಿಗ್ಗೆ ಆಫೀಸಿಗೆ ಹೊರಟ ಅಣವೀರಪ್ಪನ ಕೈಗೆ ಹೆಂಡತಿ ಅನುರಾಧಾ ಒಂದು ಚೀಲ ಕೊಟ್ಟಳು. ಅದರಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಕುಂಕುಮದ ಭರಣಿ, ರವಿಕೆಯ ಒಂದು ಖಣ ಇದ್ದವು.

"ಮಧ್ಯಾಹ್ನ ಆಫೀಸಿನಿಂದ ಸೀದಾ ಬೊರಿವಲಿಗೆ ಹೋಗ್ರಿ. ಬಾಣಂತಿ ನಾ ಬರೂಹಂಗಿಲ್ಲ. ಅಕ್ಕಾರ ಕಾಲ ಹಿಡೀರಿ, ಕೈ ಹಿಡೀರಿ, ಏನರ ಮಾಡ್ರಿ, ಕರಕೊಂಡ ಬರ್ರಿ. ಅವರು ಬರಲಿಲ್ಲಂದ್ರ ನೀವೂ ಬರಬ್ಯಾಡ್ರಿ."

ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಅಂದು ಸಂಜೆ ಅವರ ಮಗಳಿಗೆ ಹೆಸರಿಡುವ ಕಾರ್ಯಕ್ರಮ. ವಿಜಯಪುರದ ಕಡೆಯ ಅವರ ಮಂದಿಯಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿ ಯಾರಿದ್ದರೂ ಅಷ್ಟೇ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅಣವೀರಪ್ಪನಿಗೆ ಇದ್ದವಳು ಒಬ್ಬಳೇ ಅಕ್ಕ, ಬೊರಿವಲಿಯ ದಾನವ್ವ. ಅವಳು ತಮ್ಮನ ಜೊತೆ ಮಾತು ಬಿಟ್ಟು ಎರಡು ದೀಪಾವಳಿ ಕಳೆದಿದ್ದವು. ದಹಿಸರ್‌ನಲ್ಲಿ ಮನೆ ಮಾಡಿದಾಗ ಗೃಹಪ್ರವೇಶಕ್ಕೆ ಅಣವೀರಪ್ಪ ಹೆಂಡತಿಯ ತವರಿನವರನ್ನೆಲ್ಲ ಮನೆಗೇ ಹೋಗಿ ತೆಂಗಿನಕಾಯಿ ಕೊಟ್ಟು ಕರೆದಿದ್ದ. ಅಕ್ಕನಲ್ಲವೇ, ನಮ್ಮವಳೇ ಅಲ್ಲವೇ ಎಂದು ದಾನವ್ವನಿಗೆ ಮಾತ್ರ ಫೋನ್ ಮಾಡಿದ್ದ. ನಮ್ಮವರೆಂದು ತಿಳಿದು ಸಲಿಗೆ ತೋರಿಸಿದರೆ ನಮ್ಮವರಷ್ಟು ಸಿಟ್ಟಾಗುವವರು ಬೇರೆ ಯಾರೂ ಇಲ್ಲ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ.

ಅಣವೀರಪ್ಪ ಉತ್ತರ ಉಪನಗರ ಆಪತ್ತು ಎಚ್ಚರಿಕೆ ಕೇಂದ್ರದಲ್ಲಿ ಗುಮಾಸ್ತ. ಹೆಸರು ದೊಡ್ಡದು, ಕೋಣೆ ಚಿಕ್ಕದು. ಹೋದ ತಿಂಗಳಷ್ಟೇ ಈ ಕೇಂದ್ರಕ್ಕೆ ಜನರ ಮೊಬೈಲಿಗೆ ನೇರವಾಗಿ ಎಚ್ಚರಿಕೆ ಕಳಿಸುವ ಅಧಿಕಾರ ಸಿಕ್ಕಿತ್ತು. ಇಲ್ಲಿ ಒಂದು ಗುಂಡಿ ಒತ್ತಿದರೆ ದಹಿಸರ್‌ನಿಂದ ಬೊರಿವಲಿಯವರೆಗೆ ಪ್ರತಿಯೊಬ್ಬರ ಜೇಬಿನಲ್ಲೂ ಸೈರನ್ ಕೂಗಬೇಕು. ಅಧಿಕಾರ ಬಂದಿತ್ತು, ಆದರೆ ಆಪತ್ತು ಇನ್ನೂ ಬಂದಿರಲಿಲ್ಲ. ಸಾಹೇಬ ಶಶಿಕಾಂತ ಸಾವಂತರಿಗೆ ಅದೊಂದು ಕೊರಗಾಗಿತ್ತು. ಹೊಸ ಬೈಕ್ ಕೊಂಡು ಪೆಟ್ರೋಲ್ ಸಿಗದವನಂತೆ ಅವರು ಒದ್ದಾಡಿ, ಕೊನೆಗೆ ಒಂದು ಪರೀಕ್ಷಾ ಎಚ್ಚರಿಕೆಗೆ ದಿನ ಗೊತ್ತುಮಾಡಿದ್ದರು. ಆ ದಿನವೇ ಇದು.

ಸಂದೇಶ ನಾಲ್ಕು ಭಾಷೆಗಳಲ್ಲಿ, ಭಾಷೆಗೊಂದು ಸೈರನ್ನಿನಂತೆ, ಹೋಗಬೇಕಿತ್ತು. ಮರಾಠಿ, ಹಿಂದಿ, ಇಂಗ್ಲಿಷ್ ಸಾಹೇಬರ ಪಾಲು. ಕನ್ನಡ ಅಣವೀರಪ್ಪನ ಪಾಲು. ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಅದಕ್ಕೆ ಅಣವೀರಪ್ಪ ತನ್ನ ಮೊಬೈಲಿನಲ್ಲಿ ಬರೆದು, ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡು, ಕಂಪ್ಯೂಟರಿನಲ್ಲಿ ಅದನ್ನು ತೆರೆದು ಎತ್ತಿ ಅಂಟಿಸುತ್ತಿದ್ದ. "ಇದು ಕೇವಲ ಪರೀಕ್ಷೆ, ಯಾರೂ ಗಾಬರಿಯಾಗಬೇಡಿ" ಎಂದು ಬರೆದು ಕಳಿಸಿಕೊಂಡ. ಅಷ್ಟರಲ್ಲಿ ಅನುರಾಧಾಳ ಫೋನ್ ಬಂತು.

"ರೀ, ಒಂದು ಬರದು ಹಾಕೇನಿ. ನಮ್ಮ ಮಂದಿಯ ಗ್ರೂಪಿಗೆ ನೀವ ಹಾಕ್ರಿ. ಗಂಡಸರ ಹೆಸರಿಲೆ ಹೋದ್ರ ಚೊಲೊ."

ಹೆಂಡತಿಯ ಬರಹವನ್ನು ನಾಲ್ಕು ಕಡೆ ತಿದ್ದಿ, ಮರೆಯಬಾರದೆಂದು ಅದನ್ನೂ ತನಗೇ ಕಳಿಸಿಕೊಂಡ. "ಅಣವೀರ್, ಜಲ್ದಿ!" ಎಂದು ಸಾಹೇಬರು ಕೂಗಿದರು. ಅಣವೀರಪ್ಪನ ತಲೆಯ ತುಂಬ ಅಕ್ಕನೇ ಇದ್ದಳು. ಕೊನೆಗೆ ಬಂದಿದ್ದ ಸಂದೇಶವನ್ನು ಎತ್ತಿ ಅಂಟಿಸಿದ. ಸಾಹೇಬರು ಮರಾಠಿಯನ್ನು ಎರಡು ಸಲ ಓದಿದರು, ಹಿಂದಿಯ ಒಂದು ಕಾಗುಣಿತ ತಿದ್ದಿದರು, ಇಂಗ್ಲಿಷಿಗೆ ತಲೆಯಾಡಿಸಿದರು. ಕನ್ನಡವನ್ನು ಮಾತ್ರ, ಸುಂದರವಾಗಿದೆ ಎನ್ನುವ ಹಾಗೆ ನೋಡಿ ಗುಂಡಿ ಒತ್ತಿದರು.

ಮೊದಲ ಮೂರು ಸೈರನ್‌ಗಳಿಗೆ ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾಲ್ಕನೆಯದಕ್ಕೆ ಅಣವೀರಪ್ಪ ತನ್ನ ಫೋನ್ ನೋಡಿಕೊಂಡ. ಪರದೆಯ ಮೇಲೆ, ಕೆಂಪು ಅಪಾಯದ ಗುರುತಿನ ಕೆಳಗೆ, ಹೀಗಿತ್ತು:

"ಇವತ್ತು ಸಂಜೀ ಆರಕ್ಕ ನಮ್ಮ ಕೂಸಿನ ಹೆಸರಿಡೂ ಕಾರ್ಯಕ್ರಮ. ಹೋಳಗಿ ಊಟ. ಎಲ್ಲಾರೂ ಮಕ್ಕಳು ಮರಿ ಕರಕೊಂಡು ತಪ್ಪದ ಬರ್ರಿ. ಇದನ್ನ ಖುದ್ದ ಮನೀಗೆ ಬಂದು ಕರದಂಗ ತಿಳೀರಿ. ನಿಮ್ಮ ಅಣವೀರಪ್ಪ, ಸಾಯಿಕೃಪಾ ಚಾಳ, ದಹಿಸರ್ ಸ್ಟೇಷನ್ ಹತ್ರ."

"ಕ್ಯಾ ಹುವಾ?" ಎಂದರು ಸಾಹೇಬರು. ಅಣವೀರಪ್ಪ ತಗ್ಗಿದ ದನಿಯಲ್ಲಿ ಹಿಂದಿಗೆ ತಿರುಗಿಸಿ ಹೇಳಿದ. ಸಾಹೇಬರು ಕುರ್ಚಿಯಲ್ಲಿ ಕೂತರು. "ಪೂರೆ ದಹಿಸರ್ ಕೋ ಖಾನೇ ಪೇ ಬುಲಾಯಾ? ಮುಝೆ ತೋ ಬೋಲಾ ಭೀ ನಹೀ!" ಎಂದರು. ಸಿಟ್ಟು ಊರಿಗೆಲ್ಲ ಊಟಕ್ಕೆ ಕರೆ ಹೋದದ್ದಕ್ಕೋ, ತಮ್ಮನ್ನು ಕರೆಯದ್ದಕ್ಕೋ ಎಂದು ಅಣವೀರಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಫೋನುಗಳು ಬಡಿದುಕೊಳ್ಳತೊಡಗಿದವು. ಮೂರು ಭಾಷೆಗಳಲ್ಲಿ ಪರೀಕ್ಷೆ, ಗಾಬರಿ ಬೇಡ ಎಂದಿತ್ತು; ನಾಲ್ಕನೆಯದು ಓದಲಿಕ್ಕೆ ಬಾರದ ಲಿಪಿ, ಅದರಲ್ಲಿ ಆ ಮೂರಕ್ಕಿಂತ ಮಾತು ಹೆಚ್ಚು. ಜನ ದಡ್ಡರೇ? ಮೂರರಲ್ಲಿ ಸುಳ್ಳು ಹೇಳಿ ನಿಜವನ್ನು ನಾಲ್ಕನೆಯದರಲ್ಲಿ ಬಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. ಇಡೀ ಉಪನಗರ ಒಬ್ಬ ಕನ್ನಡಿಗನಿಗಾಗಿ ಹುಡುಕಾಡಿತು. ಉಡುಪಿ ಹೋಟೆಲಿನ ಗಲ್ಲಾದ ಮುಂದೆ ಸಾಲು ನಿಂತಿತು. ಸೆಂಟರಿಂಗ್ ಕೆಲಸಕ್ಕೆ ಬಂದ ಇಂಡಿ ಕಡೆಯ ಶಂಕ್ರೆಪ್ಪನನ್ನು ಸ್ಟೇಷನ್ನಿನ ಹೊರಗೆ ರಿಕ್ಷಾದ ಮೇಲೆ ಹತ್ತಿಸಿ ಓದಿಸಿದರು. ಅವನು ಗಂಟಲು ಸರಿಮಾಡಿಕೊಂಡು ಓದಿದ. ಏನು ಮಾಡಬೇಕೆಂದು ತಿಳಿಯದ ಜನ "ಮತಲಬ್ ಕ್ಯಾ ಕರನೇಕಾ?" ಎಂದು ಕೇಳಿದರೆ, "ಊಟಕ್ಕ ಹೋಗೂದು, ಖಾನಾ, ಖಾನಾ" ಎಂದ. ಆಪತ್ತಿನಲ್ಲಿ ಊಟ ಹಾಕುವ ಸರಕಾರಿ ಶಿಬಿರ ದಹಿಸರ್‌ನಲ್ಲಿದೆ ಎಂದು ಸುದ್ದಿಯಾಯಿತು. ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಬೈಗುಳ ಬಿದ್ದವು. "ನಾಳೆ ಹೊಳಿ ಬಂದ್ರೂ ನಿನಗ ತಿಳ್ಯಾಂಗಿಲ್ಲ, ಓದಾಕ ಕಲಿ" ಎಂದು ಅಪ್ಪಂದಿರು ಗದರಿದರು.

ಇದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅಣವೀರಪ್ಪ ಹಿಂದಿಯಲ್ಲಿ ಗೋಗರೆದ. ಆಗ ಗೊತ್ತಾಯಿತು, ಎಚ್ಚರಿಕೆ ಕೊಡುವ ಅಧಿಕಾರವಷ್ಟೇ ಕೇಂದ್ರಕ್ಕೆ ಬಂದಿದೆ. ಕೊಟ್ಟದ್ದನ್ನು ರದ್ದುಮಾಡಲು ಮೇಲಿನ ಮೂವರು ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದಂತೆ, ಒಬ್ಬರು ಮೀಟಿಂಗಿನಲ್ಲಿದ್ದರು, ಒಬ್ಬರು ರಜೆಯಲ್ಲಿದ್ದರು, ಒಬ್ಬರು ಸಿಟ್ಟಿನಲ್ಲಿದ್ದರು. ಆದರೂ ರದ್ದತಿಯ ಮಾತು ಸಿದ್ಧವಿರಲಿ ಎಂದು ಸಾಹೇಬರು ಬರೆಸಿದರು. ತಪ್ಪು ಹೋದದ್ದು ಕನ್ನಡದಲ್ಲಿ, ಹಾಗಾಗಿ ರದ್ದತಿಯೂ ಕನ್ನಡದಲ್ಲೇ. ಕರೆದವನ ಹೆಸರೇ ಕೆಳಗಿರಬೇಕು ಎಂದರು. ಅಣವೀರಪ್ಪ ಬರೆದುಕೊಟ್ಟ. ಅದು ಮೂರು ಮೇಜುಗಳ ಯಾತ್ರೆಗೆ ಹೊರಟಿತು. ಇನ್ನು ಅದು ಮಗಳ ಮದುವೆಯ ಹೊತ್ತಿಗೆ ಬಂದರೆ ಪುಣ್ಯ ಎಂದುಕೊಂಡು ಅವನು ಮರೆತೇಬಿಟ್ಟ.

ಮನೆಯಿಂದ ಅನುರಾಧಾ ಫೋನ್ ಮಾಡಿದಳು. "ಏನ್ ಮಾಡೀರಿ ನೀವು? ಮಂದಿ ಈಗ್ಲೇ ಬರಾಕತ್ತಾರ! ಒಬ್ಬಾಂವ ಹಾಸಿಗಿ ಸಮೇತ ಬಂದಾನ!"

ಅವಳಿಂದ ಫೋನ್ ಕಸಿದುಕೊಂಡು ಮಾತಾಡಿದ ದನಿ ಕೆಳಗಿನ ಮನೆಯ ನೀಲಾಬಾಯಿಯದು. ಬೆಳಗಾವಿಯ ಆ ಹೆಂಗಸು ಚಾಳಿನ ಸಾಲುಮನೆಗಳ ಯಾವ ಕಾರ್ಯವನ್ನೂ ತನ್ನದಲ್ಲ ಎಂದುಕೊಂಡವಳಲ್ಲ. "ತಮ್ಮಾ, ನೀ ಚಿಂತಿ ಮಾಡಬ್ಯಾಡ. ಹೋಳಗಿ ತುಂಡು ಮಾಡಿ ಪ್ರಸಾದದಂಗ ಕೊಡ್ತೀನಿ. ಬಂದವರಿಗೆಲ್ಲಾ ಅಕ್ಕಿ ಬ್ಯಾಳಿ ತರ್ರಿ ಅಂದೇನಿ, ತರಾಕತ್ತಾರ. ಗುಜರಾತಿ ಮಂದಿ ಢೋಕಳಾ ತಂದಾರ. ಭಾಳ ಮಜಾ ಐತಿ ಇಲ್ಲೆ! ನೀ ದಾನವ್ವನ್ನ ಕರಕೊಂಡ ಬಾ, ಅಷ್ಟ ಸಾಕು."

ಅದೇ ಹೊತ್ತಿಗೆ ಬೊರಿವಲಿಯಿಂದ ಯಾರೋ ಕೇಂದ್ರಕ್ಕೆ ಫೋನ್ ಮಾಡಿ, ತಮ್ಮ ಬಿಲ್ಡಿಂಗಿನ ದಾನವ್ವ ಮೌಸಿ ಎಲ್ಲರ ಫೋನನ್ನೂ ಓದಿ ಹೇಳಿದಳು, ಎಲ್ಲರೂ ಊಟಕ್ಕೆ ಬರುತ್ತಿದ್ದೇವೆ ಎಂದು ಹಿಂದಿಯಲ್ಲಿ ತಿಳಿಸಿದರು. ಅಣವೀರಪ್ಪನಿಗೆ ಹೋದ ಜೀವ ಬಂದಂತಾಯಿತು. ಅಕ್ಕ ಓದಿದ್ದಾಳೆ! ಬರೀ ಓದಿದ್ದಲ್ಲ, ಊರಿಗೆಲ್ಲ ಓದಿ ಹೇಳಿದ್ದಾಳೆ! ಯಾವ ತಮ್ಮ ತನ್ನ ಅಕ್ಕನನ್ನು ಸರಕಾರದ ಸೈರನ್ ಹೊಡೆಸಿ ಕರೆದಾನು? ಸಿಟ್ಟು ಕರಗಿರಲೇಬೇಕು.

"ಜಾವ್" ಎಂದರು ಸಾಹೇಬರು ಸಾಕಾಗಿ. "ಕಲ್ ಜವಾಬ್ ಲೇಕೇ ಆನಾ." ನಾಳೆ ಕೊಡಬೇಕಾದ ಉತ್ತರಕ್ಕಿಂತ ಇಂದಿನ ಅಕ್ಕ ಹೆಚ್ಚಿನವಳು. ಅಣವೀರಪ್ಪ ಚೀಲ ಎತ್ತಿಕೊಂಡು ಓಡಿದ.

ಲೋಕಲ್ ರೈಲಿನಲ್ಲಿ ಎದುರು ಕೂತ ಇಬ್ಬರು ಹೆಂಗಸರು, ಹೋಳಿಗೆ ತಿಂದು ಬರುವುದೋ ಡಬ್ಬಿಯಲ್ಲಿ ತರುವುದೋ ಎಂದು ವಾದಿಸುತ್ತಿದ್ದರು. ಅಣವೀರಪ್ಪ ಕಿಟಕಿಯ ಹೊರಗೆ ನೋಡಿದ.

ದಾನವ್ವನ ಬಿಲ್ಡಿಂಗಿನ ಮಂದಿ ಆಗಲೇ ಹೊಸ ಬಟ್ಟೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಈತನೇ ಅಣವೀರಪ್ಪ ಎಂದು ತಿಳಿದದ್ದೇ ದಾರಿ ಬಿಟ್ಟು ಕೈ ಕುಲುಕಿದರು. ದಾನವ್ವ ಬಾಗಿಲಲ್ಲೇ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ಕರಿಯಾಕ ಬಂದೇನಿ."

"ಯಾರನ್ನ?"

"ನಿನ್ನ! ಮತ್ಯಾರನ್ನ? ಸೋದರತ್ತಿ ನೀ."

ದಾನವ್ವ ಮೊರ ಕೆಳಗಿಟ್ಟಳು. ಸೆರಗಿನಿಂದ ತನ್ನ ಹಳೆಯ ಗುಂಡಿ ಫೋನ್ ತೆಗೆದು ತಮ್ಮನ ಮುಂದೆ ಹಿಡಿದಳು. "ಮುಂಜಾನೆ ಮ್ಯಾಲಿನ ಮಿಶ್ರಾನ ಫೋನ್ ಒದರಿತು. ಓದಿ ಹೇಳಿದ್ನಿ. ಬಾಜೂಕಿನ ಪಟೇಲನ ಫೋನ್ ಒದರಿತು. ಓದಿ ಹೇಳಿದ್ನಿ. ಹಾಲಿನಾಂವ, ಇಸ್ತ್ರಿಯಾಂವ, ವಾಚಮನ್, ಎಲ್ಲಾರದೂ ಒದರಿತು. ನನ್ನ ಫೋನ್ ಒಂದು ಒದರಲಿಲ್ಲ. ಇಡೀ ಬೊರಿವಲಿಗೆ ಕರಿ ಬಂತು, ಹಡದಪ್ಪನ ಮಗಳು ನನಗ ಇಲ್ಲ."

ಅಣವೀರಪ್ಪ ಅವಸರದಿಂದ ಚೀಲ ಬಿಚ್ಚಿದ. "ಅಕ್ಕಾ, ಅದು ಹಳೀ ಫೋನು, ಅದಕ್ಕ ಸೈರನ್ ಬರಾಂಗಿಲ್ಲ. ಅದಕ್ಕ ನಾ ಖುದ್ದ ಬಂದೇನಿ, ನೋಡು, ಕಾಯಿ, ಕುಂಕುಮ, ಖಣ..."

"ಹೂಂ. ಮಂದಿಗೆ ಸೈರನ್, ನನಗ ಬರೇ ತೆಂಗಿನಕಾಯಿ."

ಎರಡು ವರ್ಷದಿಂದ ತೆಂಗಿನಕಾಯಿಗಾಗಿ ಮುನಿದವಳು, ತೆಂಗಿನಕಾಯಿ ಬಂದ ದಿನ ಸೈರನ್ನಿಗೆ ಮುನಿದಳು. ಮೆಟ್ಟಿಲ ಮೇಲಿನವರೆಲ್ಲ ಅವಳ ಮಾತು ನ್ಯಾಯವೆಂಬಂತೆ ತಲೆಯಾಡಿಸಿದರು. ಅಣವೀರಪ್ಪನಿಗೆ ಅಳು ಬಂದಿತ್ತು. ತೊಟ್ಟಿಲಲ್ಲಿ ಹೆಸರಿಲ್ಲದ ಮಗಳು, ಬಾಗಿಲಲ್ಲಿ ಕಾಯುತ್ತಿರುವ ಹೆಂಡತಿ ಕಣ್ಣಿಗೆ ಕಟ್ಟಿದರು. ತಟ್ಟನೆ ತನ್ನ ಮೊಬೈಲ್ ತೆಗೆದ. ಸಂದೇಶ ಇನ್ನೂ ಪರದೆಯ ಮೇಲೇ ಇತ್ತು.

"ತಗೋ ಅಕ್ಕಾ. ಇವತ್ತಿಂದ ಈ ಫೋನ್ ನಿಂದ. ಇದಕ್ಕ ಎಲ್ಲಾರಕಿಂತ ಮೊದಲ ಬಂದಿತ್ತು. ಅಂದ ಮ್ಯಾಲೆ ನಿನಗ ಮೊದಲ ಬಂದಂಗ ಆತು."

ದಾನವ್ವ ಫೋನ್ ನೋಡಿದಳು, ತಮ್ಮನನ್ನು ನೋಡಿದಳು. ಹಣೆಯ ಗಂಟು ಸಡಿಲವಾಯಿತು. "ಹಂಗ ಒಗದಂಗ ಕೊಡಬ್ಯಾಡ. ಎಲಿ ಅಡಕಿ ಇಟ್ಟು ಕೊಡು."

ಎಲೆ ಅಡಿಕೆ, ತೆಂಗಿನಕಾಯಿ, ಖಣ, ಅದರ ಮೇಲೆ ಮೊಬೈಲ್ ಇಟ್ಟು ಅಣವೀರಪ್ಪ ಕಾಲಿಗೆರಗಿದ. ದಾನವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಮ್ಮನ ತಲೆ ಸವರಿ, ಕಣ್ಣೊರೆಸಿಕೊಂಡಳು. "ಎಷ್ಟ ಸೊರಗಿಯಲ್ಲೋ" ಎಂದಳು. ಎರಡು ವರ್ಷದ ಮಾತನ್ನು ಒಮ್ಮೆಲೇ ಆಡುತ್ತ ಒಳಗೆ ಹೋಗಿ, ಮದುವೆಯ ಇಳಕಲ್ ಸೀರೆ ಉಟ್ಟು, ಕೂಸಿನ ತಲೆಗೆಂದು ತಾನೇ ಹೊಲಿದಿಟ್ಟಿದ್ದ ಕುಂಚಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಹೊಲಿದಿಟ್ಟಿದ್ದಳು ಎಂದರೆ ಬರುವ ಮನಸ್ಸು ಮೊದಲಿನಿಂದಲೂ ಇತ್ತು. ಅಣವೀರಪ್ಪ ಮನಸ್ಸಿನಲ್ಲೇ ಕುಣಿದ. ಬಿಲ್ಡಿಂಗಿನವರು ಹೋ ಎಂದರು. ದಾನವ್ವ ಹೊಸ ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಬಲಗಾಲಿಟ್ಟು ಹೊಸ್ತಿಲು ದಾಟಿದಳು.

ಆಗ ಸೈರನ್ ಕೂಗಿತು.

ಮೆಟ್ಟಿಲ ಮೇಲಿನ ಫೋನುಗಳೆಲ್ಲ ಒಟ್ಟಿಗೆ ಒದರಿದವು, ದಾನವ್ವನ ಕೈಯಲ್ಲಿದ್ದದ್ದು ಎಲ್ಲಕ್ಕಿಂತ ಜೋರಾಗಿ. "ನನಗೂ ಬಂತು!" ಎಂದು ಅವಳ ಮುಖ ಅರಳಿತು. ದೂರ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿದಳು:

"ಮುಂಜಾನೆಯ ಆಮಂತ್ರಣ ತಪ್ಪಿನಿಂದ ಬಂದದ್ದು. ಸಂಜೆಯ ಕಾರ್ಯಕ್ರಮಕ್ಕೆ ಯಾರೂ ಬರಕೂಡದು. ಮನೆ ಬಿಟ್ಟು ಹೊರಟವರು ಇದ್ದಲ್ಲಿಂದಲೇ ಹಿಂದಿರುಗಬೇಕು. ಅಣವೀರಪ್ಪ."

ಮೂರು ಮೇಜುಗಳೂ ಒಪ್ಪಿದ್ದವು.

"ಅಕ್ಕಾ, ಅದು ನಿನಗಲ್ಲ..." ಎನ್ನುವಷ್ಟರಲ್ಲಿ ದಾನವ್ವ ಹೊರಗಿಟ್ಟ ಕಾಲನ್ನು ಒಳಗೆಳೆದುಕೊಂಡಿದ್ದಳು. ಕುಂಚಿಗೆಯನ್ನು ತಮ್ಮನ ಕೈಗೆ ತುರುಕಿದಳು. ಬಾಗಿಲು ದಡಾರನೆ ಮುಚ್ಚಿತು. ಮೊಬೈಲ್ ಒಳಗೇ ಉಳಿಯಿತು.

"ಕ್ಯಾ ಲಿಖಾ ಹೈ?" ಎಂದು ಮೇಲಿನ ಮಿಶ್ರಾ ಕೇಳಿದ. ಆ ಬಿಲ್ಡಿಂಗಿನಲ್ಲಿ ಓದಿ ತಿಳಿಸಬಲ್ಲವಳು ಬಾಗಿಲು ಹಾಕಿಕೊಂಡಿದ್ದಳು. ಓದಬಲ್ಲ ಇನ್ನೊಬ್ಬ, ಅಣವೀರಪ್ಪ, ಆ ಬಾಗಿಲನ್ನೇ ಬಡಿಯುತ್ತಿದ್ದ. ಊಟ ಶುರುವಾಗಿದೆ, ಬೇಗ ಬನ್ನಿ ಎಂದಿರಬೇಕೆಂದು ಪಟೇಲ ಊಹಿಸಿದ. ಎಲ್ಲರಿಗೂ ಅದೇ ಸರಿ ಅನ್ನಿಸಿತು.

ಅಷ್ಟರಲ್ಲಿ ಒಳಗೆ ಮೊಬೈಲ್ ರಿಂಗಾಯಿತು. ಅಣವೀರಪ್ಪ ಬಾಗಿಲಿಗೆ ಕಿವಿ ಹಚ್ಚಿದ. "ಹಲೋ" ಎಂದ ಅಕ್ಕನ ದನಿ ಕೇಳಿಸಿತು. "ಯಾರು, ಅನುರಾಧಾ? ಹೂಂನವ್ವಾ, ನಾನ ದಾನವ್ವ... ಬರಬೇಕಂತ ಸೀರಿ ಉಟ್ಟಿದ್ನಿ... ಇಲ್ಲ, ಬರಬ್ಯಾಡ ಅಂತ ಹೇಳ್ಯಾನ ನಿನ್ನ ಗಂಡ. ಸರಕಾರದ ಕಡಿಂದ ಹೇಳಿಸ್ಯಾನ."

ಮಿಶ್ರಾ ಅಣವೀರಪ್ಪನ ಹೆಗಲ ಮೇಲೆ ಕೈಹಾಕಿದ. ಮನೆಯ ದಾರಿ ತೋರಿಸಬೇಕಾದವನು ಅವನೊಬ್ಬನೇ ಇದ್ದ. ಕುಂಚಿಗೆ ಹಿಡಿದುಕೊಂಡು ಅಣವೀರಪ್ಪ ಮುಂದೆ ನಡೆದ. ಇಡೀ ಬಿಲ್ಡಿಂಗು ಡಬ್ಬಿಗಳ ಸಮೇತ ಅವನ ಹಿಂದೆ ಸ್ಟೇಷನ್ನಿಗೆ ಹೊರಟಿತು.