ಕಂಬದ ಆಚೆಯ ಅರ್ಧ ಸಿನಿಮಾ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಿಂದ ಜೋಳ ತಂದು, ರೊಟ್ಟಿ ಬಡಿದು ಮಾರಿ, ಮೈಲೂರಿನಲ್ಲಿ ಮನೆ ಕಟ್ಟಿದವಳು ನಾನು. ಸಿನಿಮಾ ನೋಡುವ ವಿದ್ಯೆಯನ್ನೂ ಪುಸ್ತಕ ಓದಿ ನಾನೇ ಕಲಿತೆ. ಚೌಕಟ್ಟಿನೊಳಗೆ ಯಾರನ್ನು ಎಲ್ಲಿ ಕೂರಿಸಿದ್ದಾರೆ, ಇದು ಯಾವ ಪ್ರಕಾರದ ಸಿನಿಮಾ ಎಂದು ವಿವರಿಸಲು ಬಾಯಿ ತೆರೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

೧. ಭಾಲ್ಕಿಯ ಕಂಬ

ಮದುವೆಯಾದ ಹೊಸದರಲ್ಲಿ ಯಜಮಾನರು ನನ್ನನ್ನು ಔರಾದದಿಂದ ಭಾಲ್ಕಿಯ ಟಾಕೀಸಿಗೆ ಕರೆದೊಯ್ದರು. ಹೆಂಗಸರಿಗೆ ಒಂದು ಬದಿ, ಗಂಡಸರಿಗೆ ಇನ್ನೊಂದು. ನನ್ನ ಜಾಗದ ಮುಂದೆ ದಪ್ಪ ಕಂಬ. ಪರದೆಯ ಎಡಭಾಗ ಕಾಣದು. ಕೊನೆಗೆ ನಾಯಕ ಸ್ಟೇಷನ್ನಿನ ಬೆಂಚಿನ ಬಲತುದಿಯಲ್ಲಿ ಕೂತು ಅಳುತ್ತಾನೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಅಳುವೂ ನಿಲ್ಲಲಿಲ್ಲ.

“ಯಾಕ ಅಳ್ತಿ?” ಅಂದರು.

“ಅಕಿ ಅವನ್ನ ಬಿಟ್ಟು ಹೋದ್ಳಲ್ರಿ.”

“ಎಲ್ಲಿ ಹೋದ್ಳು? ಬೆಂಚಿನ ಆ ಕಡಿ ಕುಂತಿದ್ಳು. ನಿನಗ ಕಂಬ ಅಡ್ಡ ಬಂದದ.”

ಕಣ್ಣೊರೆಸಿಕೊಂಡೆ. “ಮತ್ತ ಅವ ಯಾಕ ಅಳ್ತಿದ್ದ?”

“ಇನ್ನ ಜೀವನಪೂರ್ತಿ ಅಕಿನ್ನ ಸಂಭಾಳಸಬೇಕಲ್ಲ!”

೨. ಡಾಬಕಾದ ಅತ್ತೆ

ಈಗ ಪ್ರತಿ ಭಾನುವಾರ ಮನೆಯ ಗೋಡೆಗೆ ಬಿಳಿ ಚಾದರ ಕಟ್ಟಿ ಓಣಿಯ ಹೆಂಗಸರಿಗೆ ಸಿನಿಮಾ ತೋರಿಸುತ್ತೇನೆ. ಡಾಬಕಾ ಹಳ್ಳಿಯಲ್ಲಿ ಕುರಿ ಸಾಕಿದ ನಮ್ಮ ಅತ್ತೆಯೂ ಬಂದು ಕೂರುತ್ತಾರೆ. ಒಮ್ಮೆ ಪರದೆ ತುಂಬ ಗುಡ್ಡ, ಕುರಿಮಂದೆ. ಮೂಲೆಯಲ್ಲಿ ಚಿಕ್ಕದಾಗಿ ಹಾಡುವ ಜೋಡಿ.

“ನೋಡ್ರಿ, ಎಷ್ಟು ಜಾಗಾ ಖಾಲಿ ಬಿಟ್ಟಾರ! ಪ್ರೀತ್ಯಾಗ ಇಬ್ರೂ ಜಗತ್ತೇ ಮರ್ತಾರ” ಎಂದು ವಿವರಿಸಿದೆ.

ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಡುಗುತ್ತಿದ್ದರು.

“ಪ್ರೇಮದ ಸಿನಿಮಾರಿ ಅತ್ತಿ, ಅಂಜಬ್ಯಾಡ್ರಿ.”

“ಸುಮ್ಮ ಕುಂಡ್ರು. ಕುರಿ ಕಾಯೋರು ಒಬ್ರೂ ಇಲ್ಲ. ಹಾಡು ಮುಗಿಯೂದ್ರಾಗ ತೋಳ ಬರ್ತದ!”

೩. ಬೀದರಿನ ಶಿಬಿರ

ಬೀದರಿನ ಸಿನಿಮಾ ಶಿಬಿರವೊಂದರಲ್ಲಿ ಪಾಠ ಹೇಳುವ ಸರ್ ನನ್ನ ಭಾಲ್ಕಿಯ ಸಿನಿಮಾದ ಹೆಸರನ್ನೇ ಎತ್ತಿದರು. “ಇದು ದುರಂತ ಕಥೆ. ಕೊನೆಯಲ್ಲಿ ಬೆಂಚಿನ ಅರ್ಧ ಖಾಲಿ ಬಿಟ್ಟಿದ್ದಾರಲ್ಲ, ಅದೇ ಸಾಕ್ಷಿ.”

ಯಜಮಾನರು ತೀರಿಹೋಗಿದ್ದಾರೆ. ಅವರ ಮಾತಿನ ಪರವಾಗಿ ನಾನಲ್ಲದೆ ಇನ್ಯಾರು ಜಗಳ ಆಡಬೇಕು? ಎದ್ದು ನಿಂತೆ.

“ಖಾಲಿ ಇಲ್ರಿ ಸರ್. ಅಕಿ ಕುಂತಾಳ.”

“ಇಲ್ಲಮ್ಮ, ನಾನು ಎಷ್ಟೋ ಸಲ ನೋಡಿದ್ದೇನೆ.”

“ಅಷ್ಟೂ ಸಲ ಕಂಬದ ಹಿಂದ ಕುಂತೀರಿ, ತಗೋರಿ!”

೪. ಪೂರ್ತಿ ಪರದೆ

ನನ್ನ ಹಟ ನೋಡಲಾರದೆ ಮಗಳು ಆ ಸಿನಿಮಾವನ್ನು ಹುಡುಕಿ ತಂದು ಚಾದರದ ಮೇಲೆ ಹಾಕಿದಳು. ಓಣಿಯೆಲ್ಲ ಸೇರಿತ್ತು. ಕೊನೆಯ ದೃಶ್ಯ ಬಂತು. ಬೆಂಚಿನ ಬಲತುದಿಯಲ್ಲಿ ಅವನು. ಎಡಕ್ಕೆ ಯಾರೂ ಇಲ್ಲ. ಬರೀ ಬೆಂಚು.

ಹೊಸ ಹೆಂಡತಿಯ ಅಳು ನಿಲ್ಲಿಸಲು ಯಜಮಾನರು ಅಂದು ಬಸ್ಸಿನಲ್ಲಿ ಕೂತಲ್ಲೇ ಒಬ್ಬಳನ್ನು ತಂದು ಆ ಬೆಂಚಿನ ಮೇಲೆ ಕೂರಿಸಿದ್ದರು.

ಹೆಂಗಸರೆಲ್ಲ ನನ್ನ ಮುಖ ನೋಡಿದರು. “ನನ್ನ ಮಗಂದೇ ಕೆಲಸ ಇದು” ಎಂದು ಅತ್ತೆ ಮೂಗು ಒರೆಸಿಕೊಂಡರು.

ನಾನು ಎದ್ದೆ. ರೊಟ್ಟಿ ಡಬ್ಬಿಗಳ ಅಲಮಾರಿಯನ್ನು ದರದರ ಎಳೆದು ಪರದೆಯ ಎಡಭಾಗಕ್ಕೆ ಅಡ್ಡ ನಿಲ್ಲಿಸಿ, ಬಂದು ಕೂತೆ.

“ಮತ್ತೊಮ್ಮಿ ಹಾಕು.”

“ಅವ್ವಾ, ಅರ್ಧಾ ಕಾಣಂಗಿಲ್ಲ!” ಅಂದಳು ಮಗಳು.

“ಕಾಣೋದು ಬ್ಯಾಡ. ಆ ಅರ್ಧಾ ನಿಮ್ಮಪ್ಪ ಹೇಳ್ಯಾರ.”