ನಾಗಸೇನ ಮಾಸ್ತರರ ಎಡಗಾಲು

ಆ ಬೆಳಿಗ್ಗೆ ನಾಗಸೇನ ಮಾಸ್ತರರ ಬಲಗಾಲಿನ ಚಪ್ಪಲಿ ಯಾವ ತಕರಾರೂ ಇಲ್ಲದೆ ಏರಿತು. ಎಡಗಾಲಿನದು ಮಾತ್ರ ಜಪ್ಪಯ್ಯ ಅಂದರೂ ಏರಲಿಲ್ಲ. ರಾತ್ರಿ ಯಾರದೋ ಚಪ್ಪಲಿ ಅದಲುಬದಲಾಗಿರಬೇಕೆಂದು ಮಾಸ್ತರರು ಬಗ್ಗಿ ನೋಡಿದರು. ಚಪ್ಪಲಿ ಅವರದೇ. ಕಾಲು ಯಾರದೋ ಅನ್ನುವ ಹಾಗೆ ಬಾತುಕೊಂಡಿತ್ತು.

ಮಾಸ್ತರರು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವರು. ಹಿಂದಿನ ವಾರವೆಲ್ಲ ಶಾಲೆಯ ಗೋಡೆಯ ಮೇಲೆ ಮನುಷ್ಯನ ರಕ್ತಸಂಚಾರದ ದೊಡ್ಡ ಚಿತ್ರ ಬರೆಯುತ್ತ, ಎತ್ತರಕ್ಕೆ ಕಟ್ಟಿದ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಹಲಗೆಯ ಅಂಚು ಮೊಣಕಾಲ ಹಿಂದೆ ಒತ್ತುತ್ತಿತ್ತು. ಇಳಿದರೆ ಮತ್ತೆ ಏರಬೇಕಲ್ಲ ಎಂಬ ಬೇಸರಕ್ಕೆ ಇಳಿದಿರಲಿಲ್ಲ. ಹೋಗುವ ರಕ್ತಕ್ಕೆ ಕೆಂಪು, ಬರುವ ರಕ್ತಕ್ಕೆ ನೀಲಿ. ಆ ಚಿತ್ರವನ್ನು ಅವರು ಬೇರೆ ಬೇರೆ ಗೋಡೆಗಳ ಮೇಲೆ ಎಷ್ಟೋ ಸಲ ಬರೆದಿದ್ದರು. ಅದು ತಮ್ಮೊಳಗೂ ಇದೆ ಎಂದು ಒಮ್ಮೆಯೂ ಅನಿಸಿರಲಿಲ್ಲ.

ಹೆಂಡತಿ ಮಹಾಮಾಯಾ ಮೀನಖಂಡ ಮುಟ್ಟಿ ನೋಡಿದಳು. "ಬಾವು ಅದ. ಬಿಸಿನೂ ಅದ. ದವಾಖಾನಿಗೆ ನಡೀರಿ."

ಅಷ್ಟರಲ್ಲಿ ಪಕ್ಕದ ಮನೆಯ ಗುಲಶನ ಎಣ್ಣೆಯ ಬಟ್ಟಲು ಹಿಡಿದು ಬಂದೇ ಬಿಟ್ಟಿದ್ದಳು. ಓಣಿಯಲ್ಲಿ ಉಳುಕಿದ ಕಾಲು, ಹಿಡಿದ ಕುತ್ತಿಗೆ, ಸರಿದ ಸೊಂಟ ಯಾವುದೂ ಅವಳ ಹೆಬ್ಬೆರಳಿನಿಂದ ತಪ್ಪಿಸಿಕೊಂಡ ಉದಾಹರಣೆ ಇರಲಿಲ್ಲ. "ನರ ಹೊರಳ್ಯಾದರಿ ಮಾಸ್ತರ. ನಾಕ ಸಲ ಜೋರಾಗಿ ಎಳದರ ತನ್ನ ಜಾಗಾಕ್ಕ ಬರ್ತದ. ಕಾಲ ಕೊಡ್ರಿ ಇಲ್ಲಿ."

"ಮೊದಲ ಡಾಕ್ಟರ ನೋಡಲಿ" ಎಂದು ಮಹಾಮಾಯಾ ಗಂಡನ ಕಾಲನ್ನು ತನ್ನ ಕಡೆ ಎಳೆದುಕೊಂಡಳು.

ಭಾಲ್ಕಿಯ ಡಾಕ್ಟರು ಕಾಲನ್ನು ಹೆಚ್ಚು ಮುಟ್ಟಲಿಲ್ಲ. ಅದೇ ಮಾಸ್ತರರಿಗೆ ಭಯ ತಂದಿತು. "ಒಳಗಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿರಬಹುದು ರಿ. ಇವತ್ತೇ ಬೀದರಕ್ಕ ಹೋಗಿ ಕಾಲಿನ ಸ್ಕ್ಯಾನ್ ಮಾಡಿಸ್ರಿ. ಅಲ್ಲೀತನಕ ಯಾರ ಕಡಿಂದನೂ ಕಾಲ ಒತ್ತಿಸಬ್ಯಾಡ್ರಿ. ಹೆಪ್ಪು ಕಳಚಿ ಮ್ಯಾಲ ಶ್ವಾಸಕೋಶಕ್ಕ ಹೋಯ್ತಂದ್ರ..." ಎಂದು ಅರ್ಧಕ್ಕೇ ನಿಲ್ಲಿಸಿ ಚೀಟಿ ಬರೆಯತೊಡಗಿದರು. ಪೂರ್ತಿ ಹೇಳಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ.

ಅಲ್ಲಿಂದ ಮಾಸ್ತರರು ತಮ್ಮ ಎಡಗಾಲನ್ನು ಅಂಚಿನತನಕ ಹಾಲು ತುಂಬಿದ ಪಾತೇಲಿಯ ಹಾಗೆ ಹೊತ್ತುಕೊಂಡು ಮನೆಗೆ ಬಂದರು. ಬಾಗಿಲಲ್ಲಿ ಎದುರು ಮನೆಯ ಶಾಲುಬಾಯಿ ಕಾದಿದ್ದಳು, ಕೈಯಲ್ಲಿ ಎರಡು ದೊಡ್ಡ ನೀರಿನ ಬಾಟಲಿ.

"ಸ್ಕ್ಯಾನ್ ಅಂದ್ರ ನನಗ ಕೇಳ್ರಿ ಮಾಸ್ತರ. ಸೊಸೆಂದಿರಿಗೆಲ್ಲ ನಾನೇ ಮಾಡಿಸೇನಿ. ಹೊಟ್ಟಿ ತುಂಬ ನೀರ ಕುಡೀಬೇಕು, ತಡಕೊಂಡ ಕೂಡಬೇಕು. ಇಲ್ಲಂದ್ರ ಮಶೀನಿನಾಗ ಏನೂ ಕಾಣಂಗಿಲ್ಲ. ನನ್ನ ಔರಾದದ ಸೊಸಿ ಒಂದ್ ಗ್ಲಾಸ್ ಕಡಿಮಿ ಕುಡದಿದ್ದಕ್ಕ ಸಂಜೀತನಕ ಕೂಡಿಸಿದ್ರು."

"ನಂದು ಕಾಲಿನ ಸ್ಕ್ಯಾನ್ ರಿ ಬಾಯಿ."

"ಕಾಲೇನ್ ಬ್ಯಾರೆ ಊರಾಗ ಅದೇನ್ರಿ? ನೀರು ಕೆಳಗೇ ಇಳೀತದ."

ಮಾಸ್ತರರು ಬಾಟಲಿಯ ಮುಚ್ಚಳ ತೆಗೆದರು. ಕುಡಿಯತೊಡಗಿದರು.

ಜೊತೆಗೆ ಹೊರಟವರು ಗುಲಶನಳ ಗಂಡ ಮುಜೀಬೋದ್ದೀನರು. ಸರಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಕೆಲಸ ಬಿಟ್ಟಿದ್ದರೂ ಬಸ್ಸು ಹೊರಡುವ ಹೊತ್ತಿಗೆ ಅವರ ಮೈಯೊಳಗೆ ಈಗಲೂ ಒಂದು ಇಂಜಿನ್ನು ಶುರುವಾಗುತ್ತಿತ್ತು. ಮಹಾಮಾಯಾ ತಾನೂ ಬರುತ್ತೇನೆಂದಳು. "ನೀವ್ ಯಾಕ್ರಿ ಭಾಬಿ, ನಾ ಇದ್ದೇನಲ್ಲ. ಮಾಸ್ತರಸಾಬನ್ನ ಹ್ಯಾಂಗ ಒಯ್ತೇನಿ, ಹಾಂಗ ತಂದು ಒಪ್ಪಸ್ತೇನಿ" ಎಂದರು. ಈ ಮಾತನ್ನು ಅವರು ಅಕ್ಷರಶಃ ನಡೆಸಿಕೊಟ್ಟರೆಂದು ಆಮೇಲೆ ಗೊತ್ತಾಯಿತು.

ಬಸ್ಸಿನಲ್ಲಿ ಮಾಸ್ತರರ ಪಕ್ಕದಲ್ಲಿ ಸಾಯಗಾಂವದ ಒಬ್ಬ ರೈತ ಕೂತಿದ್ದ. ನೀಳವಾಗಿ ಚಾಚಿದ ಕಾಲನ್ನು ಕಂಡು ಅವನಿಗೆ ಕರುಣೆ ಉಕ್ಕಿತು. "ನನ್ನ ತೊಡಿ ಮ್ಯಾಲ ಇಡ್ರಿ ಕಾಲ. ಬೀದರ ಬರೂತನಕ ಒತ್ಕೋತ ಬರ್ತೇನಿ. ನನಗ ಬ್ಯಾರೆ ಕೆಲಸೇನದ." ಮಾಸ್ತರರು ಹೆದರಿ ಕಾಲನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. ಕಾಯಿಲೆಗಿಂತ ಜನರ ಪ್ರೀತಿಯಿಂದ ಕಾಲನ್ನು ಕಾಯುವುದೇ ಕಷ್ಟವೆಂದು ಅವರಿಗೆ ಆಗಲೇ ಅನಿಸಿತ್ತು.

ಮುಜೀಬೋದ್ದೀನರು ಮಾತ್ರ ಶಾಲುಬಾಯಿಯ ಹುಕುಮನ್ನು ಮರೆಯಲಿಲ್ಲ. ಬಸ್ಸು ನಿಂತಲ್ಲೆಲ್ಲ ಬಾಟಲಿ ಮುಂದೆ ಹಿಡಿದರು. ರಸ್ತೆಯ ಪ್ರತಿ ಉಬ್ಬಿಗೂ ಮಾಸ್ತರರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಂದಿನ ಸೀಟಿನ ಸರಳು ಹಿಡಿದುಕೊಂಡರು. ಬೀದರ ಕೋಟೆಯ ಗೋಡೆ ಕಣ್ಣಿಗೆ ಬೀಳುವಾಗ ಅವರಿಗೆ ಕಾಲಿನ ನೋವು ನೆನಪೇ ಇರಲಿಲ್ಲ.

ಸ್ಕ್ಯಾನ್ ಕೇಂದ್ರದ ತುಂಬ ಗರ್ಭಿಣಿಯರು. ಪ್ರತಿಯೊಬ್ಬಳ ಕೈಯಲ್ಲೂ ನೀರಿನ ಬಾಟಲಿ, ಮುಖದಲ್ಲಿ ಒಂದೇ ಬಗೆಯ ಸಂಕಟ. ಅವರ ಸಾಲಿನ ಕೊನೆಗೆ ಮಾಸ್ತರರು ಕೂತರು. ಆಚೆ ಪಕ್ಕದ ಹೆಂಗಸು ಅವರ ಬಾಟಲಿ ನೋಡಿ, ಮುಖ ನೋಡಿ, ಸುಮ್ಮನೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಗೋಡೆಯ ಮೇಲೆ ಮೊಬೈಲ್ ಬಂದ್ ಮಾಡಬೇಕೆಂದು ಬರೆದಿತ್ತು. ಮಾಸ್ತರರು ಬಂದ್ ಮಾಡಿದರು.

"ಮುಜೀಬಸಾಬ, ನಾ ಒಂದ್ ಸಲ ಹೋಗಿ ಬರ್ತೇನಿ."

"ಪಾಗಲ್ ಆಗೀರೇನ್ರಿ? ಭಾಲ್ಕಿಂದ ಟಾಕಿ ತುಂಬಸ್ಕೋತ ಬಂದು ಇಲ್ಲಿ ಖಾಲಿ ಮಾಡ್ತೀರಿ? ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ."

ಕೊನೆಗೂ ಹೆಸರು ಕರೆದರು. ಒಳಗಿನ ಕೋಣೆ ತಂಪಾಗಿ, ಅರೆಗತ್ತಲಾಗಿತ್ತು. ಕನ್ನಡಕ ಹಾಕಿದ ಸಣ್ಣ ವಯಸ್ಸಿನ ಡಾಕ್ಟರಮ್ಮ ಚೀಟಿ ಓದಿ, ಮಂಚದ ಮೇಲೆ ಮಲಗಿಸಿ, "ಮೊದಲ ಈ ಕಾಲ ನೋಡ್ತೇನಿ" ಎಂದು ಏನೋ ತಣ್ಣಗಿನ ಲೋಳೆ ಸುರಿದರು. ಮಾಸ್ತರರು ಹ್ಞೂಂಗುಟ್ಟಿದರು. ಅವರ ಗಮನವೆಲ್ಲ ಹೊಟ್ಟೆಯ ಕೆಳಗಿತ್ತು.

ಅಷ್ಟರಲ್ಲಿ ಪರದೆ ಬೆಳಗಿತು.

ಮೊದಲು ಬೂದು ಬಣ್ಣದ ಮೋಡ. ಮೋಡದ ನಡುವೆ ಎರಡು ಕಪ್ಪು ಬಟ್ಟು. ಡಾಕ್ಟರಮ್ಮ ಕೈಯಲ್ಲಿದ್ದ ಉಪಕರಣವನ್ನು ಮೆಲ್ಲಗೆ ಒತ್ತಿದರು. ಒಂದು ಬಟ್ಟು ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಂಡಿತು. ಕೈ ಸಡಿಲ ಬಿಟ್ಟರು, ಕಣ್ಣು ತೆರೆಯಿತು.

"ಇದೇನ್ರಿ ಮೇಡಂ?"

"ನಿಮ್ಮ ರಕ್ತನಾಳ ರಿ. ಒತ್ತಿದ್ರ ಹಿಂಗ ಮುಚ್ಚಬೇಕು. ಹೆಪ್ಪು ಇದ್ರ ಮುಚ್ಚಂಗಿಲ್ಲ."

ಮಾಸ್ತರರು ಉಸಿರು ಹಿಡಿದು ನೋಡಿದರು. ತೊಡೆಯಿಂದ ಮೊಣಕಾಲಿನತನಕ, ಒತ್ತಿದಲ್ಲೆಲ್ಲ ಅದು ಮುಚ್ಚಿತು, ತೆರೆಯಿತು. ಆಮೇಲೆ ಡಾಕ್ಟರಮ್ಮ ಯಾವುದೋ ಗುಂಡಿ ಅದುಮಿದರು. ಬೂದು ಮೋಡದೊಳಗೆ ಒಮ್ಮೆಲೇ ಕೆಂಪು ಮಿಂಚಿತು. ಅದರ ಪಕ್ಕಕ್ಕೆ ನೀಲಿ ಹರಿಯಿತು. ಇನ್ನೊಂದು ಗುಂಡಿ ಒತ್ತಿದ್ದೇ ಕೋಣೆಯೆಲ್ಲ ಸದ್ದು ತುಂಬಿತು. ಎತ್ತರದ ಜೋಳದ ಹೊಲದೊಳಗೆ ಗಾಳಿ ನುಗ್ಗಿ, ನಿಂತು, ಮತ್ತೆ ನುಗ್ಗಿದ ಹಾಗೆ.

"ಇದ್ಯಾರ ಸಪ್ಪಳ ರಿ?"

"ನಿಮ್ಮದೇ. ನಿಮ್ಮ ರಕ್ತದ್ದು."

ಮಾಸ್ತರರ ಮೈಮೇಲೆ ಮುಳ್ಳು ಎದ್ದವು. ಐವತ್ತು ದಾಟಿದ ಮೇಲೆ ಮೊದಲ ಸಲ ಅವರು ತಮ್ಮ ಸದ್ದನ್ನು ತಾವೇ ಕೇಳುತ್ತಿದ್ದರು. ಹೋಮ್‌ವರ್ಕ್ ನೋಡುವಾಗ, ಊಟ ಮಾಡುವಾಗ, ಮಹಾಮಾಯಾಳ ಜೊತೆ ಜಗಳಾಡಿ ಮುನಿಸಿಕೊಂಡು ಮಲಗಿದಾಗಲೂ ಇದು ಹೀಗೇ ಹರಿಯುತ್ತಿತ್ತು. ಒಂದು ದಿನವೂ ರಜೆ ಕೇಳಿರಲಿಲ್ಲ.

ಡಾಕ್ಟರಮ್ಮ ಮೀನಖಂಡವನ್ನು ಕೈಯಿಂದ ಹಿಂಡಲು ಹೋದಾಗ ಮಾಸ್ತರರು ಬೆಚ್ಚಿಬಿದ್ದರು. "ಮೇಡಂ, ಒತ್ತಬಾರದಂತ ಹೇಳ್ಯಾರ ರಿ."

"ಈ ಕಾಲ ಒತ್ತಬಹುದು. ಅಂಜಬ್ಯಾಡ್ರಿ."

ಹಿಂಡಿದ ಕೂಡಲೇ ಪರದೆಯ ಮೇಲೆ ನೀಲಿ ಪ್ರವಾಹ ಮೇಲಕ್ಕೆ ಚಿಮ್ಮಿತು. ಬಿಟ್ಟಾಗ ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. "ಒಳಗ ಸಣ್ಣ ಸಣ್ಣ ಬಾಗಲ ಇರ್ತಾವ ರಿ. ಮ್ಯಾಲ ಹೋಗಾಕ ತೆರೀತಾವ, ಕೆಳಗ ಬರಾಕ ಬಿಡಂಗಿಲ್ಲ. ನೋಡ್ರಿ, ಅಕಾ ಅಲ್ಲಿ." ಎರಡು ತೆಳುವಾದ ಎಳೆಗಳು ಚಿಟ್ಟೆಯ ರೆಕ್ಕೆಯಂತೆ ತೆರೆದು ಮುಚ್ಚಿದವು. ಮಾಸ್ತರರ ಕಣ್ಣು ತುಂಬಿ ಬಂತು. ಇಂಥ ಬಾಗಿಲುಗಳನ್ನು ಅವರು ಒಂದು ಗೋಡೆಯ ಮೇಲೂ ಬರೆದಿರಲಿಲ್ಲ.

"ಈ ಕಾಲ ಕ್ಲಿಯರ್ ಅದ ರಿ. ಎಲ್ಲೂ ಹೆಪ್ಪಿಲ್ಲ" ಎಂದರು ಡಾಕ್ಟರಮ್ಮ.

ಆ ಮಾತು ಕಿವಿಗೆ ಬಿದ್ದದ್ದೇ ಇಷ್ಟು ಹೊತ್ತು ತಡೆದದ್ದೆಲ್ಲ ಸಡಿಲಾಯಿತು. ಮಾಸ್ತರರು ಎದ್ದು ಕೂತು, "ಮೇಡಂ, ಇಲ್ಲಿ ಬಾತ್‌ರೂಮ್..." ಎಂದರು.

ಡಾಕ್ಟರಮ್ಮ ನಕ್ಕರು. "ನೀರ ಕುಡದು ಬಂದೀರೇನ್ರಿ? ಕಾಲಿಗೆ ಅದೆಲ್ಲ ಬೇಕಾಗಂಗಿಲ್ಲ. ಹೊರಗ ಎಡಕ್ಕ ಅದ. ಹೋಗಿ ಬರ್ರಿ."

ಮಾಸ್ತರರು ಕೈಮುಗಿದರು. "ಬರ್ತೇನ್ರಿ ಮೇಡಂ. ನಿಮ್ಮ ಉಪಕಾರ ಮರೆಯಂಗಿಲ್ಲ."

ಇದಕ್ಕೆ ಡಾಕ್ಟರಮ್ಮ ಸ್ವಲ್ಪ ಆಶ್ಚರ್ಯಪಟ್ಟರೂ, ತುಂಬ ಅವಸರದಲ್ಲಿದ್ದಾರೆಂದು ಸುಮ್ಮನಾದರು.

ಶೌಚಾಲಯದಿಂದ ಹೊರಬಂದ ಮಾಸ್ತರರ ಮುಖದಲ್ಲಿ ಮಳೆ ನಿಂತ ಮೇಲಿನ ಕಳೆ ಇತ್ತು. "ಮುಜೀಬಸಾಬ, ಕ್ಲಿಯರ್. ಎಲ್ಲೂ ಹೆಪ್ಪಿಲ್ಲ."

ಮುಜೀಬೋದ್ದೀನರು ಅಲ್ಲೇ ಅಪ್ಪಿಕೊಂಡರು. ಮರುಕ್ಷಣವೇ ಅವರ ಮೈಯೊಳಗಿನ ಇಂಜಿನ್ನು ಶುರುವಾಯಿತು. "ಜಲ್ದಿ ನಡೀರಿ, ಭಾಲ್ಕಿ ಬಸ್ಸು ಈಗ ನಿಂತಿರ್ತದ." ಕೌಂಟರಿನ ಹುಡುಗಿಗೆ ರಿಪೋರ್ಟು ಯಾವಾಗ ಎಂದು ಕೇಳಿದರು. ಅವಳು ಯಾರ ರಿಪೋರ್ಟೆಂದು ಕೇಳದೆ, ತಲೆಯನ್ನೂ ಎತ್ತದೆ, "ಸಂಜೀಕ ಮೊಬೈಲಿಗೆ ಬರ್ತದ ರಿ" ಎಂದಳು. ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ಭಾಲ್ಕಿಯಲ್ಲಿ ಇಳಿದ ಮೇಲೆ ಮಾಸ್ತರರು ಆಟೊ ಹತ್ತಲಿಲ್ಲ. ಹೆಪ್ಪಿಲ್ಲದ ಕಾಲಿಗೆ ಆಟೊ ಯಾಕೆ ಎಂದು ಪೇಡೆಯ ಪೊಟ್ಟಣ ಹಿಡಿದು ನಡೆದೇ ಬಂದರು. ಕಾಲು ಬೆಳಿಗ್ಗೆಗಿಂತ ಹೆಚ್ಚು ನೋಯುತ್ತಿತ್ತು. ಆದರೆ ಬೆಳಿಗ್ಗೆ ಅದು ರೋಗದ ನೋವಾಗಿತ್ತು, ಈಗ ಬರೀ ನೋವು. ಬರೀ ನೋವಿಗೆ ಯಾರು ಹೆದರುತ್ತಾರೆ?

ಇಳಿಹೊತ್ತಿಗೆ ಓಣಿ ಅವರ ಅಂಗಳದಲ್ಲಿ ಸೇರಿತು. ಮಾಸ್ತರರು ಕಟ್ಟೆಯ ಮೇಲೆ ಕೂತು ಹೇಳತೊಡಗಿದರು. ಒತ್ತಿದರೆ ಕಣ್ಣು ಮುಚ್ಚುವ ನಾಳ, ಜೋಳದ ಹೊಲದ ಗಾಳಿಯ ಸದ್ದು, ಗೇಣಿಗೊಂದರಂತೆ ಮೇಲಕ್ಕೆ ಮಾತ್ರ ತೆರೆಯುವ ಬಾಗಿಲು. ಕೇಳುತ್ತ ಕೇಳುತ್ತ ಎಲ್ಲರೂ ತಲೆ ಬಗ್ಗಿಸಿ ತಂತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಶಾಲುಬಾಯಿ ಸೀರೆಯ ಅಂಚು ಸ್ವಲ್ಪ ಎತ್ತಿ, ತನ್ನ ಒಣಗಿದ ಮೀನಖಂಡದ ಮೇಲೆ ಅಂಗೈ ಇಟ್ಟಳು.

"ನಂದರಾಗೂ ಬಾಗಲ ಇರ್ತಾವೇನ್ರಿ ಮಾಸ್ತರ?"

"ಎಲ್ಲಾರದರಾಗೂ ಇರ್ತಾವ ರಿ ಬಾಯಿ."

"ಇಷ್ಟ ವರ್ಷ ಆಯ್ತು. ಯಾರೂ ಹೇಳಲೇ ಇಲ್ಲ ನೋಡ್ರಿ" ಎಂದಳು ಮುದುಕಿ, ಮೆಲ್ಲಗೆ.

ಗುಲಶನಳ ಆಸಕ್ತಿ ಬೇರೆಯದಿತ್ತು. "ಡಾಕ್ಟರಮ್ಮ ಕೈಲಿಂದ ಹಿಂಡಿದ್ರು ಅಂದ್ರಲ್ಲ?"

"ಹೌದು, ಮೀನಖಂಡ ಹಿಡದು ಹಿಂಡಿದ್ರು."

"ಅಂದಮ್ಯಾಲ ನಾ ಒತ್ತಿದ್ರ ಏನಾಗ್ತದ? ಬಾವು ಹಾಂಗೇ ಅದ. ಕಾಲ ಕೊಡ್ರಿ."

ಇದಕ್ಕೆ ಮಹಾಮಾಯಾಳ ಬಳಿಯೂ ತಕರಾರು ಉಳಿದಿರಲಿಲ್ಲ. ಮಾಸ್ತರರು ಗೋಡೆಗೆ ಒರಗಿ, ಬಾತ ಕಾಲನ್ನು ಗುಲಶನಳ ಮುಂದೆ ಚಾಚಿದರು. ರಿಪೋರ್ಟು ಬಂದಿರಬೇಕೆಂದು ನೆನಪಾಗಿ, ಸ್ಕ್ಯಾನ್ ಕೇಂದ್ರದಲ್ಲಿ ಬಂದ್ ಮಾಡಿದ್ದ ಮೊಬೈಲ್ ಚಾಲೂ ಮಾಡಿದರು. ಗುಲಶನ ಬಿಸಿ ಎಣ್ಣೆ ಸವರಿ, ತೋಳು ಏರಿಸಿ, ಎರಡೂ ಹೆಬ್ಬೆರಳನ್ನು ಮೀನಖಂಡದ ಮೇಲೆ ಹೂಡಿದಳು. ಅಷ್ಟರಲ್ಲಿ ಫೋನು ಬಂತು.

"ನಾಗಸೇನ ಅವರೇನ್ರಿ? ಸ್ಕ್ಯಾನ್ ಸೆಂಟರಿಂದ ಡಾಕ್ಟರ್ ಮಾತಾಡೂದು. ಮಧ್ಯಾಹ್ನದಿಂದ ಫೋನ್ ಹಚ್ಚಾಕತ್ತೇನಿ. ಎಲ್ಲಿ ಹೋದ್ರಿ ನೀವು?"

"ಮನಿಗೆ ಬಂದೇನ್ರಿ ಮೇಡಂ. ರಿಪೋರ್ಟ್ ಆಯ್ತೇನ್ರಿ?"

"ಯಾವ ರಿಪೋರ್ಟ್ ರಿ? ಹೋಲಿಸಿ ನೋಡಾಕಂತ ಮೊದಲ ನಿಮ್ಮ ಚಲೋ ಇದ್ದ ಬಲಗಾಲ ನೋಡಿದೆ. ಬಾತ ಕಾಲ ನೋಡೂದು ಇನ್ನಾ ಇತ್ತು. ಬಾತ್‌ರೂಮಿಗೆ ಹೋಗಿ ಬರ್ರಿ ಅಂದೆ. ನೀವೂ ಬರ್ತೇನಿ ಅಂದ್ರಿ. ನಾ ಬಾಗಲ ಕಡಿ ನೋಡ್ಕೋತ ಕೂತೆ."

ಫೋನಿನ ದನಿ ಅಂಗಳಕ್ಕೆಲ್ಲ ಕೇಳುವಷ್ಟಿತ್ತು. ಹೊಟ್ಟೆಯ ಕೆಳಗಿನ ಅವಸರಕ್ಕೂ ಪರದೆಯ ಬೆರಗಿಗೂ ಸಿಕ್ಕು, ನೋಡುತ್ತಿದ್ದುದು ಯಾವ ಕಾಲೆಂದು ಮಾಸ್ತರರು ಗಮನಿಸಿಯೇ ಇರಲಿಲ್ಲ. ಗುಲಶನ ಕಾದ ಹಂಚು ಮುಟ್ಟಿದವಳಂತೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಎಣ್ಣೆ ಹಚ್ಚಿಸಿಕೊಂಡ ಎಡಗಾಲು ಎಲ್ಲರ ನಡುವೆ ಹೊಳೆಯುತ್ತ ಬಿದ್ದಿತ್ತು. ಅದರೊಳಗೆ ಏನಿದೆಯೆಂದು ಬೀದರ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಈಗೇ ಹೊಂಡ್ರಿ. ನಾ ಇಲ್ಲೇ ಇರ್ತೇನಿ" ಎಂದರು ಡಾಕ್ಟರಮ್ಮ. "ನಡ್ಯಾಕ ಹೋಗಬ್ಯಾಡ್ರಿ, ಗಾಡಿ ಮಾಡ್ಕೊಂಡ ಬರ್ರಿ. ಮತ್ತ ಆ ಕಾಲ ಯಾರೂ ಒತ್ತಬಾರದು, ತಿಳೀತೇನ್ರಿ?"

"ತಿಳೀತ್ರಿ" ಎಂದರು ಮಾಸ್ತರರು. ಗುಲಶನ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಮುಜೀಬೋದ್ದೀನರು ಹೋಗಿ ಓಣಿಯ ದತ್ತಾತ್ರಿಯ ಆಟೊ ತಂದರು. ಮಾಸ್ತರರನ್ನು ನಾಲ್ಕು ಜನ ಗಾಜಿನ ಕನ್ನಡಿ ಎತ್ತುವ ಹಾಗೆ ಎತ್ತಿ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಇಳಿಸಿದರು. ಈ ಸಲ ಮಹಾಮಾಯಾ ಯಾರನ್ನೂ ಕೇಳದೆ ತಾನೇ ಏರಿ, ಗಂಡನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒತ್ತಲಿಲ್ಲ, ಮುಟ್ಟಿಕೊಂಡು ಕೂತಳು ಅಷ್ಟೇ. ಮಾಸ್ತರರಿಗೆ ಹೆದರಿಕೆ ಇತ್ತು. ಅದರ ಒಳಗೆಲ್ಲೋ, ಯಾರಿಗೂ ಹೇಳಲಾಗದ ಹಾಗೆ, ಪರದೆಯ ಮೇಲಿನ ಆ ಬಾಗಿಲುಗಳು ಇನ್ನೊಮ್ಮೆ ನೋಡಲು ಸಿಗುತ್ತವಲ್ಲ ಎಂಬ ಸಣ್ಣ ಆಸೆಯೂ ಇತ್ತು.

ಆಟೊ ಶುರುವಾಯಿತು. ಓಣಿಯವರೆಲ್ಲ ರೂಢಿಯಂತೆ ಕೈ ಎತ್ತಿದರು, ಬಾಯಿಯನ್ನೂ ತೆರೆದರು. ಆದರೆ "ಹೋಗಿ ಬರ್ರಿ" ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.