ಶಿವಮಲ್ಲಪ್ಪನವರ ಸಂತೋಷದ ಕಡತ

ಗುಂಡ್ಲುಪೇಟೆ ನಿವಾಸಿ ಶಿವಮಲ್ಲಪ್ಪನವರು ಚಾಮರಾಜನಗರದ ಕಚೇರಿಯೊಂದರ ದಾಖಲೆ ಶಾಖೆಯಲ್ಲಿ ಮೂವತ್ತೆರಡು ವರ್ಷ ನಾಲ್ಕು ತಿಂಗಳು ಸೇವೆ ಸಲ್ಲಿಸಿ, ಮೇ ಮೂವತ್ತೊಂದರ ಅಪರಾಹ್ನ ವಯೋನಿವೃತ್ತಿ ಹೊಂದಿದರು. ಅಂದು ಅವರಿಗೆ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಇನ್ನು ಮುಂದೆ ಆರಾಮವಾಗಿರಬೇಕೆಂದು ಏಳು ಜನ ಭಾಷಣ ಮಾಡಿದರು. ಹೇಗೆ ಎಂಬುದನ್ನು ಯಾರೂ ಹೇಳಲಿಲ್ಲ.

ಜೂನ್ ಒಂದರಂದು ಅವರು ಎಂದಿನಂತೆ ಎಂಟೂವರೆಗೆ ಬಸ್ಸು ಹತ್ತಿದರು. ತೆರಕಣಾಂಬಿಯಲ್ಲಿ ನೆನಪಾಗಿ, ಇಳಿದು ವಾಪಸ್ ಬಂದರು. ಮಾರನೆಯ ದಿನ ನೆನಪಿದ್ದೂ ತೆರಕಣಾಂಬಿಯವರೆಗೆ ಹೋಗಿಬಂದರು. ಮೂರನೆಯ ದಿನ ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿ, "ಸಾರಿನಪುಡಿಯನ್ನು ಯಾವ ಉದ್ದೇಶಕ್ಕೆ ತೆಗೆದಿರುತ್ತೀಯ?" ಎಂದು ಹೆಂಡತಿ ಶಶಿರೇಖಾರನ್ನು ಕೇಳಿದರು.

"ಸಾರು ಮಾಡಕೆ ಕಣ್ರೀ. ಓಗಿ ಅತ್ಲಾಗಿ ಕೂತ್ಕಳಿ" ಎಂದರು ಆಕೆ.

ಹೋಗಿ ಕೂತರು. ಕೂತು ಏನು ಮಾಡಬೇಕೆಂದು ತಿಳಿಯದೆ, ನಾಲ್ಕು ಗಂಟೆಯ ಹೊತ್ತಿಗೆ ಎದೆಯೊಳಗೆ ಏನೋ ಹಿಂಡಿದಂತಾಯಿತು.

ಇಂಥ ಹಿಂಡುವಿಕೆ ಹಲವು ನಿವೃತ್ತರಲ್ಲಿ ಕಂಡುಬಂದಿರುವುದು ಕಚೇರಿಯ ಗಮನಕ್ಕೂ ಬಂದಿತ್ತು. ಜುಲೈನಲ್ಲಿ ಸುತ್ತೋಲೆ ಹೊರಟಿತು:

"ನಿವೃತ್ತರು ತೊಂಬತ್ತು ದಿನಗಳೊಳಗಾಗಿ ನಿವೃತ್ತಿ ಜೀವನಕ್ಕೆ ಭಾವನಾತ್ಮಕವಾಗಿ ಹೊಂದಿಕೊಂಡು, ಮನೋಹೊಂದಾಣಿಕೆ ಕೋಶದಿಂದ ಸಂತೋಷ ದೃಢೀಕರಣ ಪತ್ರ ಪಡೆಯತಕ್ಕದ್ದು. ತಪ್ಪಿದಲ್ಲಿ ಸದರಿಯವರ ನಿವೃತ್ತಿಯನ್ನು ಅಪೂರ್ಣವೆಂದು ಪರಿಗಣಿಸಲಾಗುವುದು. ಹೊಂದಿಕೊಳ್ಳುತ್ತಿರುವ ಅವಧಿಯಲ್ಲಿ ಪ್ರತಿದಿನ ಹತ್ತೂವರೆಯಿಂದ ಐದೂವರೆಯವರೆಗೆ ಕೋಶದಲ್ಲಿ ಖುದ್ದು ಹಾಜರಿರತಕ್ಕದ್ದು."

ಕೋಶಕ್ಕೆ ಕೊಟ್ಟಿದ್ದು ಶಿವಮಲ್ಲಪ್ಪನವರ ಹಳೆಯ ಕೊಠಡಿಯನ್ನೇ. ಅವರ ಕುರ್ಚಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಾವ್ಯಶ್ರೀ ಕೂತಿದ್ದಳು. ಎದುರಿನ ಬೆಂಚಿನಲ್ಲಿ ಅದೇ ಕಚೇರಿಯ ನಿವೃತ್ತ ಜೀಪು ಚಾಲಕ ಅಬ್ದುಲ್ ರಹೀಂ.

"ಸಾರ್, ದುಃಖದ ಕಾಲಂ ತುಂಬಿದೀರಿ. ದಾಖಲೆ ಲಗತ್ತಿಸಿಲ್ಲ" ಎಂದಳು ಕಾವ್ಯಶ್ರೀ.

"ನಂದೂ ಅದೇ ಕಣಣ್ಣ" ಎಂದರು ರಹೀಂ. "ಮನೇಲಿ ಕೂತು ಅತ್ತಿದ್ದೆ. ಸಾಕ್ಷಿ ಇಲ್ಲ ಅಂತ ವಾಪಸ್ ಮಾಡ್ಬುಟ್ರು. ಇಲ್ಲೇ ಅತ್ತು ತೋರ್ಸನ ಅಂದ್ರೆ, ನಿಮ್ಮನ್ನೆಲ್ಲ ನೋಡಿದ್ಮೇಲೆ ಅಳೂನೇ ಬರ್ತಾ ಇಲ್ಲ."

ಶಿವಮಲ್ಲಪ್ಪನವರಿಗೂ ಬರಲಿಲ್ಲ. ಹನ್ನೊಂದನೆಯ ದಿನ ಕಾವ್ಯಶ್ರೀಗೆ ಕಡತವೊಂದು ಸಿಗದೆ ಹೋದಾಗ, ಇವರು ಎದ್ದು ಮೂರನೆಯ ಬೀರುವಿನಿಂದ ತೆಗೆದುಕೊಟ್ಟರು. ಇಪ್ಪತ್ತನೆಯ ದಿನದಿಂದ ಎಲ್ಲರ ದುಃಖಕ್ಕೂ ಟಿಪ್ಪಣಿ ಬರೆಯುವ ಕೆಲಸ ಅವರ ಪಾಲಿಗೇ ಬಂತು. ಸಂಜೆ ದಣಿದು ಮನೆಗೆ ಬಂದು, ಹೆಂಡತಿ ಬಡಿಸಿದ್ದನ್ನು ಯಾವ ವಿವರಣೆಯನ್ನೂ ಕೇಳದೆ ಉಣ್ಣತೊಡಗಿದರು.

ಈ ಪ್ರಗತಿಯನ್ನು ಗಮನಿಸಿದ ಕೋಶವು ಎಂಬತ್ತನಾಲ್ಕನೆಯ ದಿನ ಪತ್ರ ನೀಡಿತು: "ಸದರಿಯವರು ಸಂತೋಷವಾಗಿರುತ್ತಾರೆಂದು ದೃಢೀಕರಿಸಿದೆ. ನಾಳೆಯಿಂದ ಬರತಕ್ಕದ್ದಲ್ಲ."

ಮೂರು ದಿನ ಅವರು ಜಗಲಿಯ ಮೇಲೆ ಆ ಪತ್ರ ಹಿಡಿದುಕೊಂಡೇ ಕೂತಿದ್ದರು. ನಾಲ್ಕನೆಯ ದಿನ ಕಾಫಿ ತಂದ ಶಶಿರೇಖಾ ಲೋಟ ಕೊಡುವುದನ್ನೇ ಮರೆತು ನಿಂತರು.

"ಅಳ್ತಾ ಇದ್ದೀರಾ?"

"ಅಳೋಕಾಯ್ತದಾ? ಸಂತೋಷವಾಗಿದ್ದೀನಿ ಅಂತ ಸೀಲು ಹಾಕಿ ಕೊಟ್ಟವ್ರೆ ಕಣೆ."

ಮದುವೆಯಾದಂದಿನಿಂದ ಆಕೆ ಆ ಕಣ್ಣುಗಳಲ್ಲಿ ನೀರು ಕಂಡವರಲ್ಲ. ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತರು. ಮಾರನೆಯ ದಿನ ತಾವೇ ಬಸ್ಸು ಹತ್ತಿ ಹೋಗಿ ಕೋಶಕ್ಕೆ ತಕರಾರು ಅರ್ಜಿ ಕೊಟ್ಟರು: "ನನ್ನ ಯಜಮಾನರು ಸಂತೋಷವಾಗಿರುವುದಿಲ್ಲ. ನಾನು ಕಣ್ಣಾರೆ ಕಂಡಿರುತ್ತೇನೆ."

ಕಾವ್ಯಶ್ರೀ ಎರಡು ಸಲ ಓದಿದಳು. "ಅಮ್ಮ, ಒಂದ್ಸಲ ಕೊಟ್ಟ ಸಂತೋಷನ ವಾಪಸ್ ತಗೊಳ್ಳೋಕೆ ನಿಯಮ ಇಲ್ಲ. ವಿಚಾರಣೆಗೆ ಇಡಬಹುದು. ಅದು ಮುಗಿಯೋವರೆಗೂ ಸಾರ್ ದಿನಾ ಬರಬೇಕಾಗುತ್ತೆ."

"ಎಷ್ಟು ದಿನ ಆಯ್ತದವ್ವ?"

"ಹೇಳೋಕಾಗಲ್ಲ ಅಮ್ಮ."

"ಅಂಗಾದ್ರೆ ಇಡವ್ವ" ಎಂದರು ಶಶಿರೇಖಾ.

ವಿಚಾರಣಾಧಿಕಾರಿ ಯಾರಾಗಬೇಕೆಂಬ ಪ್ರಶ್ನೆ ಎದ್ದಿತು. ಸದರಿಯವರ ಮನಸ್ಸಿನ ಬಗ್ಗೆಯೂ ಸದರಿ ಬೀರುಗಳ ಬಗ್ಗೆಯೂ ಸಮಗ್ರ ಮಾಹಿತಿಯುಳ್ಳವರು ಸದರಿಯವರೊಬ್ಬರೇ ಆಗಿದ್ದುದರಿಂದ, ಶಿವಮಲ್ಲಪ್ಪನವರನ್ನೇ ನೇಮಿಸಿ ಆದೇಶವಾಯಿತು. ಮೂಲೆಯಲ್ಲಿ ಒಂದು ಮೇಜು ಹಾಕಿಕೊಟ್ಟರು.

ಮೊದಲ ದಿನವೇ ಅವರು, "ತಾವು ಸಂತೋಷವಾಗಿದ್ದೀರಾ, ಇಲ್ಲವಾದಲ್ಲಿ ಏಕೆ?" ಎಂದು ತಮಗೆ ನೋಟಿಸು ಬರೆದರು. ಎದ್ದು ಮೇಜಿನ ಈಚೆಗೆ ಬಂದು ಅದನ್ನು ಸ್ವೀಕರಿಸಿ ಸಹಿ ಹಾಕಿದರು. ವಿಷಯ ಗಂಭೀರವಾದದ್ದರಿಂದ ಉತ್ತರಿಸಲು ಆರು ತಿಂಗಳ ಕಾಲಾವಕಾಶ ಕೋರಿದರು. ಮತ್ತೆ ಆಚೆಗೆ ಹೋಗಿ ಕೂತು, ಕೋರಿಕೆ ಸಕಾರಣವೆಂದು ಕಂಡಿದ್ದರಿಂದ ಮಂಜೂರು ಮಾಡಿದರು. ಕಾವ್ಯಶ್ರೀ ಅದಕ್ಕೆ ಸಂಖ್ಯೆ ಕೊಟ್ಟಳು.

ಬೆಂಚಿನಿಂದ ರಹೀಂ ಕೈಯೆತ್ತಿದರು. "ಅಣ್ಣ, ನನ್ನ ವಿಚಾರಣೇನೂ ನೀವೇ ಇಟ್ಕಳಿ. ನಿಧಾನಕ್ಕೆ ಮಾಡಿ, ಅರ್ಜೆಂಟು ಏನಿಲ್ಲ."

ಶಿವಮಲ್ಲಪ್ಪನವರು ಕನ್ನಡಕ ಸರಿಮಾಡಿಕೊಂಡು, ಅದನ್ನು ಲಿಖಿತವಾಗಿ ಸಲ್ಲಿಸುವಂತೆ ತಿಳಿಸಿದರು.